ಕತ್ತರಿಸಿದ ಹನ್ನೊಂದು ಸೆಕೆಂಡು

ಹುರಿದ ಇಸವಾಣ ಮೀನಿನ ತುಂಡನ್ನು ಬಾಯಿಗಿಟ್ಟುಕೊಂಡು ಮೀನು ವ್ಯಾಪಾರಿಗಳ ಸಂಘದ ಅಧ್ಯಕ್ಷರು ಕ್ಯಾಮೆರಾದ ಕಡೆ ಹೆಬ್ಬೆರಳು ಎತ್ತಿದರು. ಕಾರವಾರ, ಸೋಮವಾರ, ಬೆಳಿಗ್ಗೆ ಹತ್ತೂವರೆ. ವೇದಿಕೆಯ ಮೇಲೆ ಏಳು ಜನ, ಏಳು ತಟ್ಟೆ. ಮಾರುಕಟ್ಟೆಯ ಮೀನು ತಿಂದರೆ ಏನೂ ಆಗುವುದಿಲ್ಲ ಎಂದು ಜನರಿಗೆ ತೋರಿಸುವ ಕಾರ್ಯಕ್ರಮ ಅದು. ತಟ್ಟೆಯಲ್ಲಿದ್ದದ್ದು ಮಾತ್ರ ಮಾರುಕಟ್ಟೆಯ ಮೀನಲ್ಲ. ನಾಡದೋಣಿಯವರಿಂದ ನೇರ ಕೊಳ್ಳುವ ಒಂದು ಹೋಟೆಲಿನಿಂದ ಪಾರ್ಸೆಲ್ ಬಂದದ್ದು. ಏಳೂ ಪೊಟ್ಟಣ ಬಿಚ್ಚಿದವಳು ನಾನೇ.

ಅಧ್ಯಕ್ಷರು ಮುಳ್ಳನ್ನು ಬ್ಯಾನರಿನ ಹಿಂದೆ ಉಗಿದರು. ಎಣ್ಣೆ ಕೈ ಒರೆಸಲು ಏನೂ ಸಿಗದೆ ನನ್ನ ಕೈಯಲ್ಲಿದ್ದ ಹಾಳೆಯನ್ನು ಎಳೆದುಕೊಂಡರು. ಅದು ನಾನು ಎರಡು ದಿನ ಕೂತು ಬರೆದ ಪ್ರಕಟಣೆ. ಬೆರಳು ಒಂದೊಂದಾಗಿ ಒರೆಸಿ, ಉಂಡೆ ಮಾಡಿ, ನನಗೇ ಹಿಂದಕ್ಕೆ ಕೊಟ್ಟರು.

ಮಳೆಗಾಲದಲ್ಲಿ ನಮ್ಮ ಕಡೆಯ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪೂರ್ವ ಕರಾವಳಿಯ ಮೀನು ಐಸು ತುಂಬಿದ ಲಾರಿಗಳಲ್ಲಿ ಘಟ್ಟ ಇಳಿದು, ಸುಂಕಸಾಳ ದಾಟಿ ಬರುತ್ತದೆ. ಆ ಮಳೆಗಾಲ, ಲಾರಿ ಮೀನಿಗೆ ಹೆಣ ಕೊಳೆಯದಂತೆ ಹಾಕುವ ಔಷಧ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿತು. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಮಾದರಿ ಪರೀಕ್ಷೆಗೆ ಹೋಗಿತ್ತು, ವರದಿ ಬಂದಿರಲಿಲ್ಲ. ಜನ ಮಾತ್ರ ಯಾವ ಮೀನನ್ನೂ ಕೊಳ್ಳದಾದರು.

ನಾನು ಸಂವಹನ ಓದಿ ಬಂದವಳು. ಅಪಾಯ ಬಂದಾಗ ಜನರಿಗೆ ಹೇಗೆ ಹೇಳಬೇಕು ಎಂಬುದೇ ಒಂದು ಪಾಠವಿತ್ತು. ಅದನ್ನು ಕಲಿತಿದ್ದೇನೆ ಎಂದೇ ಸಂಘ ನನ್ನನ್ನು ಪ್ರಚಾರದ ಕೆಲಸಕ್ಕೆ ಕರೆದಿತ್ತು. ನನ್ನ ಪ್ರಕಟಣೆಯಲ್ಲಿ ನಾಲ್ಕು ಭಾಗ: ನಮಗೆ ಗೊತ್ತಿರುವುದು, ಗೊತ್ತಿಲ್ಲದ್ದು, ತಿಳಿಯಲು ಏನು ಮಾಡುತ್ತಿದ್ದೇವೆ, ಅಲ್ಲಿಯವರೆಗೆ ನೀವು ಏನು ಮಾಡಬಹುದು.

ಅಧ್ಯಕ್ಷರು ಅದನ್ನು ಓದುತ್ತಾ ಎರಡನೆಯ ಭಾಗಕ್ಕೆ ಬಂದವರೇ ನಿಲ್ಲಿಸಿದ್ದರು. “ತಂಗಿ, ‘ಗೊತ್ತಿಲ್ಲ’ ಅಂತ ಬರ್ದ್ರೆ ಲಾರಿ ಬಂಗಡೆ ಪೂರಾ ನಿಮ್ಮನೆಗೇ ಇಳ್ಸೂದು. ಅಡುಗೆ ಮಾಡ್ಕಂಡು ಕೂತ್ಕ.” ಕಚೇರಿಯಲ್ಲಿದ್ದ ಐವರು ನಕ್ಕರು. ನನ್ನನ್ನೂ ಸೇರಿಸಿದರೆ ಆರು.

ವೇದಿಕೆಯ ವಿಡಿಯೋವನ್ನು ಯಾರೂ ನಂಬಲಿಲ್ಲ. ಅದರ ಕೆಳಗೆ ಬಂದ ನಲವತ್ತು ಕಾಮೆಂಟುಗಳಲ್ಲಿ ಮೂವತ್ತಾರು ಬೈಗುಳ. ಅವನ್ನು ಎಣಿಸಿ ವರದಿ ಮಾಡಿದವಳೂ ನಾನೇ. “ಜನ ನಂಬುವವರ ಬಾಯಿಂದ ಮಾತು ಬರಬೇಕು” ಎಂದು ಕಲಿತದ್ದನ್ನು ಒಪ್ಪಿಸಿದೆ. ಅಧ್ಯಕ್ಷರಿಗೆ ನನ್ನ ಇಡೀ ಪಾಠದಲ್ಲಿ ಹಿಡಿಸಿದ್ದು ಅದೊಂದೇ ಸಾಲು.

“ನಿನ್ನ ಮಾವಶಿ ಅಂಕೋಲೆಲಿ ಬುಟ್ಟಿ ಹೊತ್ತು ಮಾರ್ತಾಳಲ್ಲ? ಅವ್ಳ ಬಾಯಿಂದ ಹೇಳ್ಸು.”

ಮಾವಶಿ ಎಂದರೆ ಅಮ್ಮನ ತಂಗಿ. ಅಂಕೋಲೆಯ ಇಪ್ಪತ್ತೆರಡು ಮನೆಗಳಿಗೆ ಅವಳ ಮೀನು. ರಜೆಯಲ್ಲಿ ಒಂದು ವಾರ ಅವಳ ಹಿಂದೆ ತಿರುಗಿ ನಾನು ಲೆಕ್ಕ ಬರೆದಿದ್ದೆ: ಆ ವಾರ ಅವಳು ಗಿರಾಕಿಗಳಿಗೆ “ಇವತ್ತು ಬೇಡ, ನಿನ್ನೆದು” ಎಂದದ್ದು ಒಂಬತ್ತು ಸಲ. ಬೇಡ ಎಂದು ಹೇಳುವವಳಾದ್ದರಿಂದಲೇ ಅವಳು ತಗೊಳ್ಳಿ ಎಂದರೆ ಯಾರೂ ತಾಜಾವೋ ಎಂದು ಕಿವಿರು ಎತ್ತಿ ನೋಡುತ್ತಿರಲಿಲ್ಲ.

ಬುಧವಾರ ಅವಳ ಅಂಗಳದಲ್ಲಿ ಚಿತ್ರೀಕರಿಸಿದೆ. ಒಟ್ಟು ಹದಿನೇಳು ಸೆಕೆಂಡು. “ನಾ ಮಾರೂದು ನಮ್ಮ ಹೊಳೆ ಮೀನು, ಮುಂಜಾನೆ ಹಿಡ್ದದ್ದು. ತಿನ್ನಿ, ಯಂತದೂ ಆಗೂದಿಲ್ಲ. ಲಾರಿ ಮೀನಿಂದು ನಂಗೊತ್ತಿಲ್ಲ. ಗೊತ್ತಾಗೂವರಿಗೆ ನಾ ಅದ್ನ ಮುಟ್ಟೂದಿಲ್ಲ.”

ನನ್ನ ನಾಲ್ಕು ಭಾಗದ ಪ್ರಕಟಣೆಗಿಂತ ಚೆನ್ನಾಗಿತ್ತು. ಕಚೇರಿಗೆ ತಂದೆ. ಅಧ್ಯಕ್ಷರು ಭುಜದ ಹಿಂದೆ ನಿಂತು, “ನಡೂದಷ್ಟೇ ಇರ್ಲಿ” ಎಂದರು. ಅವರ ಬಾಯಿಯ ತಂಬಾಕಿನ ವಾಸನೆ ನನ್ನ ಕಿವಿಯ ಹತ್ತಿರವಿತ್ತು. ಇಲ್ಲ ಎನ್ನಬಹುದಿತ್ತು. ಮೊದಲಿನ ಒಂದು ಮಾತು, ಕೊನೆಯ ಎರಡು ಮಾತು, ಒಟ್ಟು ಹನ್ನೊಂದು ಸೆಕೆಂಡು ತೆಗೆದೆ. ಆರು ಸೆಕೆಂಡು ಉಳಿಯಿತು: ಮಾವಶಿಯ ನಗುಮುಖ, “ತಿನ್ನಿ, ಯಂತದೂ ಆಗೂದಿಲ್ಲ,” ಕೆಳಗೆ “ಎಲ್ಲಾ ಮೀನು ಸುರಕ್ಷಿತ” ಎಂಬ ಅಕ್ಷರ. ಆ ಅಕ್ಷರ ಹಾಕಿದ್ದೂ ನಾನೇ. ಬಣ್ಣ ಹಸಿರು.

ಶನಿವಾರದ ಹೊತ್ತಿಗೆ ಅಂಕೋಲೆ ಪೇಟೆಯಲ್ಲಿ ಲಾರಿ ಮೀನು ಮಾರುವವನು ಬಂಗಡೆಯ ರಾಶಿಯ ಪಕ್ಕ ಮೊಬೈಲು ಒರಗಿಸಿ ಅದನ್ನೇ ತೋರಿಸುತ್ತಿದ್ದ. ಮಾವಶಿಯ ಹಳೆಯ ಗಿರಾಕಿ, ನಿವೃತ್ತ ಶಾಲಾ ಶಿಕ್ಷಕಿ, ಅದನ್ನು ನೋಡಿ ಬಂಗಡೆ ಕೊಂಡರು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಾರೆ. ಭಾನುವಾರವಿಡೀ ಅವರ ಮೊಮ್ಮಗಳಿಗೆ ವಾಂತಿ. ಮೀನಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸೋಮವಾರ ಮಾವಶಿ ಅವರ ಅಂಗಳಕ್ಕೆ ಹೋದಾಗ ಅಕ್ಕೋರು ವಿಡಿಯೋ ತೋರಿಸಿ ಬಾಗಿಲು ಹಾಕಿಕೊಂಡರು. ಅಂದು ಇಪ್ಪತ್ತೆರಡರಲ್ಲಿ ಬಾಗಿಲು ತೆರೆಯದ ಮನೆಗಳು ಹದಿನಾಲ್ಕು.

ಮಾವಶಿಯ ಫೋನು ಬಂತು. “ಏನೇ, ನನ್ನ ಅರ್ಧ ಮಾತು ಎಲ್ಲಿಟ್ಟೀಯೆ?”

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ.

“ಮುಖ ನಂದು, ಬಾಯಿ ನಂದು, ಮಾತು ಮಾತ್ರ ನಂದಲ್ಲ. ಚಂದ ಕಲ್ತಿದೀಯೆ ಮಾರಾಯ್ತಿ. ನಾಳೆ ಮುಂಜಾನೆ ಬಾ. ಬುಟ್ಟಿ ನಾ ಹೊರ್ತೆ. ಮಾತು ನೀ ಹೊರು.”

ವಿಡಿಯೋ ಅಳಿಸಲು ಕೇಳಿದೆ. ಅಧ್ಯಕ್ಷರು ಕಡ್ಡಿಯಲ್ಲಿ ಹಲ್ಲು ಕೆದಕುತ್ತಾ, “ಚಲೋ ಓಡ್ತದಲ್ಲೆ, ಅಳ್ಸೂದ್ಯಾಕೆ? ಬೇಕಾರೆ ನಿನ್ನ ಮಾವಶಿಗೆ ಒಂದು ಶಾಲು ಹಾಕ್ವ” ಎಂದರು. ಕೆದಕಿ ಬಂದದ್ದನ್ನು ನೋಡಿ ಮತ್ತೆ ಬಾಯಿಗೇ ಹಾಕಿಕೊಂಡರು. ನಾನು ಕಚೇರಿಯ ಕೀಲಿ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅದರಿಂದ ಏನೂ ಹಗುರವಾಗಲಿಲ್ಲ. ನನ್ನ ಬೆರಳುಗಳಿಗೇ ಹಳೇ ಮೀನಿನ ನಾತ ಹತ್ತಿದಂತಿತ್ತು.

ಮಂಗಳವಾರ ಏಳು ಗಂಟೆಗೆ ಮೊದಲ ಮನೆ. ಪ್ರತಿ ಬಾಗಿಲಲ್ಲೂ ನಾನು ಕತ್ತರಿಸಿದ ಹನ್ನೊಂದು ಸೆಕೆಂಡಿನ ಮಾತನ್ನು ಒಪ್ಪಿಸಬೇಕು, ಮಾವಶಿ ಸುಮ್ಮನೆ ನಿಲ್ಲುತ್ತಾಳೆ. ಮೊದಲ ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಬಾಗಿಲು ತೆರೆದವು. ಮೀನು ಕೊಂಡವರು ನಾಲ್ವರು. ಒಬ್ಬಳು ನನ್ನ ಮಾತು ಮುಗಿಯುವ ಮೊದಲೇ, “ಇದನ್ನೂ ಯಾರಾದ್ರೂ ಹೇಳ್ಕೊಟ್ಟದ್ದೋ?” ಎಂದು ಕೇಳಿದಳು.

ಹದಿನೈದನೆಯದು ಅಕ್ಕೋರ ಮನೆ. ಅವರು ಕಿಟಕಿಯಿಂದಲೇ ಪೂರ್ತಿ ಕೇಳಿದರು.

“ಕತ್ತರ್ಸಿದ್ದು ಯಾರು?”

ಅಧ್ಯಕ್ಷರು ಹೇಳಿದರು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. “ನಾನು” ಎಂದೆ.

ಅಕ್ಕೋರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮಾವಶಿಯ ಕಡೆ ತಿರುಗಿದರು. “ಬುಟ್ಟಿಲಿ ಯಂತ ಇದೆ?”

ಮಾವಶಿ ಮೇಲಿನ ಎಲೆ ಸರಿಸಿ ಉಳಿದ ಮೀನು ತೋರಿಸಿದಳು. “ಶೆಟ್ಲಿ ಇತ್ತು, ಮುಗೀತು. ನೊಗ್ಲಿ ಇದೆ. ನಿಮ್ಗೆ ಬೇಡ ಅಕ್ಕೋರೆ, ಅದ್ರಲ್ಲಿ ನಿನ್ನೆದು ಸೇರ್ಕಂಡಿದೆ.”

ಒಳಗೆ ಮಗು ಕೆಮ್ಮಿತು.

“ನಾಳೆ ಬಾ,” ಎಂದರು ಅಕ್ಕೋರು ಮಾವಶಿಗೆ. “ಇವ್ಳನ್ನ ಮಾತ್ರ ಕರ್ಕಂಡು ಬರಬೇಡ.”

ಕಿಟಕಿ ಮುಚ್ಚಿತು. ಮಾವಶಿ ಬುಟ್ಟಿ ತಲೆಗೇರಿಸಿಕೊಂಡಳು. ಇನ್ನೂ ಏಳು ಮನೆ ಬಾಕಿ ಇತ್ತು.