ಗುಡಿಸದೆ ಬಿಟ್ಟ ಮನೆ

ನಮ್ಮ ಮನೆ ಓನರ್ ಅಂಕಲ್ ಹಣೆಯಲ್ಲಿ ಆಳವಾದ ಮೂರು ಗೆರೆಗಳಿದ್ದವು. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಧರಿಸಿ ಹೊರಡುವರು. ಹಿಕ್ಸ್‌ವಿಲ್ ರೈಲು ಸ್ಟೇಷನ್ನಿನ ಮೆಟ್ಟಿಲ ಬಳಿ ಕರವಸ್ತ್ರ ತೆಗೆದು ಒರೆಸಿಕೊಳ್ಳುವರು. ಗೆರೆಗಳ ಸಂದಿಯಲ್ಲಿ ಒಂದಿಷ್ಟು ಬೂದಿ ಉಳಿದೇ ಇರುತ್ತಿತ್ತು. "ಒರೆಸೋದಾದ್ರೆ ಹಚ್ಕೊಳ್ಳೋದ್ಯಾಕೆ ಅಂಕಲ್?" ಎಂದು ನಾನು ರೇಗಿಸಿದರೆ, "ಹಚ್ಕೊಳ್ಳೋದು ನಂಜುಂಡನಿಗೆ, ಒರೆಸೋದು ಮ್ಯಾನೇಜರಿಗೆ. ಇಬ್ಬರದೂ ನಡೀಬೇಕಲ್ಲಪ್ಪ," ಎನ್ನುವರು.

ಸಾಫ್ಟ್‌ವೇರ್ ಕೆಲಸಕ್ಕೆಂದು ಅಮೆರಿಕಕ್ಕೆ ಬಂದಿಳಿದ ನನಗೆ ಅವರು ಮಹಡಿಯ ರೂಮು ಬಾಡಿಗೆಗೆ ಕೊಟ್ಟಿದ್ದರು. ಮೈಸೂರಿನವರು. ನನಗೋ ದೇವರೆಂದರೆ ಅಷ್ಟಕ್ಕಷ್ಟೆ. ಅದು ಗೊತ್ತಿದ್ದೂ ದಿನಾ ಮಂಗಳಾರತಿ ತಟ್ಟೆ ಹಿಡಿದು ಮೆಟ್ಟಿಲ ಕೆಳಗೆ ನಿಂತು ಕೂಗುತ್ತಿದ್ದರು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳು. ತಾವೇ ಜಡೆ ಹಾಕಿ ಸ್ಕೂಲಿಗೆ ಕಳಿಸಿ ಬೆಳೆಸಿದ ಆ ಹುಡುಗಿ ನರ್ಸಿಂಗ್ ಓದಿ ಅಮೆರಿಕದ ಸೈನ್ಯ ಸೇರಿದಳು. ಇರಾಕಿಗೆ ಹೊರಟಳು.

ಊರಿಗೆ ಹೊರಟವರು ತಲುಪಿದ ಸುದ್ದಿ ಬರುವವರೆಗೆ ಮನೆ ಗುಡಿಸಬಾರದು ಎಂಬ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅದನ್ನು ಅಂಕಲ್ ಹೆಂಡತಿಯ ಕಾಲದಿಂದಲೂ ಬಿಟ್ಟಿರಲಿಲ್ಲ. ಮಗಳು ಕಾಲೇಜಿಗೆ ಡ್ರೈವ್ ಮಾಡಿಕೊಂಡು ಹೋದರೂ ಫೋನ್ ಬಂದ ಮೇಲೆಯೇ ವ್ಯಾಕ್ಯೂಮ್ ಹೊರಗೆ ಬರುತ್ತಿತ್ತು. ಈಗ ಬಾಗ್ದಾದಿನಿಂದ "ರೀಚ್ಡ್, ಅಪ್ಪಾ" ಎಂದು ಫೋನ್ ಬಂತು. ವ್ಯಾಕ್ಯೂಮ್ ಬರಲಿಲ್ಲ.

"ಅದು ತಲುಪಿದ್ದಲ್ಲ ಕಣಯ್ಯ. ಅವಳು ತಲುಪಬೇಕಾಗಿರೋದು ಈ ಮನೆಗೆ," ಎಂದರು.

ತಿಂಗಳುಗಟ್ಟಲೆ ಮನೆ ಹಾಗೇ ಇತ್ತು. ಕಾರ್ಪೆಟ್ ಮೇಲೆ ಧೂಳು, ಸೋಫಾ ಕೆಳಗೆ ಹತ್ತಿಯ ಹಾಗೆ ಕಸ. ವಿಭೂತಿ ಒರೆಸಿಕೊಳ್ಳುವುದನ್ನೂ ಬಿಟ್ಟರು. ರೈಲಿನಲ್ಲಿ ಜನ ನೋಡಿದರೆ ನೋಡಲಿ. ಟಿವಿಯಲ್ಲಿ ಇರಾಕ್ ಎಂದ ಕೂಡಲೇ ಎದ್ದು ಒಳಗೆ ಹೋಗುವರು. "ಭಯ ಆಗಲ್ವಾ ಅಂಕಲ್?" ಎಂದು ಒಮ್ಮೆ ಕೇಳಿದೆ.

"ಆಗದೆ ಏನು? ನಾನಂತೂ ಅಲ್ಲಿಗೆ ಹೋಗೋಕಾಗಲ್ಲ. ಹೋಗೋಕಾಗೋನಿಗೆ ಒಪ್ಪಿಸಿದೀನಿ."

ಕೊನೆಗೂ ಮಗಳ ಫೋನ್ ಬಂತು. "ಪ್ಯಾಕಿಂಗ್ ಮುಗೀತು ಅಪ್ಪಾ. ಇನ್ನು ನಾಲ್ಕೈದು ದಿನ, ಐ ಆಮ್ ಹೋಮ್." ಅಂಕಲ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆಮೇಲೆ ಪೇಚಾಟ ಶುರುವಾಯಿತು. ಮಗಳಿಗೆ ಧೂಳೆಂದರೆ ಆಗದು, ಉಬ್ಬಸ ಬರುತ್ತದೆ. ಅವಳು ಬರುವ ಮೊದಲು ಗುಡಿಸದೆ ವಿಧಿಯಿಲ್ಲ, ಗುಡಿಸಬೇಕೆಂದರೆ ಅವಳು ಬಂದಿರಬೇಕು. ಎರಡು ದಿನ ತಡೆದರು. ಮೂರನೆಯ ದಿನ ದೇವರ ಕಪಾಟಿನ ಮುಂದೆ ನಿಂತು "ಇದೊಂದು ಸಲ ಹೊಟ್ಟೆಗೆ ಹಾಕ್ಕೊ," ಎಂದು ಕೈಮುಗಿದು, ಮನೆಯನ್ನೆಲ್ಲ ವ್ಯಾಕ್ಯೂಮ್ ಮಾಡಿದರು.

ಮಾರನೆಯ ಬೆಳಿಗ್ಗೆ ಸಮವಸ್ತ್ರದ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಸಾಲಾಗಿ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ನೋಡಿ ಒಬ್ಬ ತನ್ನ ಶೂ ಲೇಸು ಬಿಚ್ಚಲು ಬಗ್ಗಿದ. ಅಂಕಲ್ ಅವನ ಭುಜ ಹಿಡಿದು ತಡೆದರು. ಏರ್‌ಪೋರ್ಟಿಗೆ ಹೊರಟಿದ್ದ ಅವಳ ಗಾಡಿ ರಸ್ತೆಬದಿಯ ಬಾಂಬಿಗೆ ಸಿಕ್ಕಿತ್ತು.

ಅಂಕಲ್ ಅಳಲಿಲ್ಲ. ಆ ಇಬ್ಬರು ಹೋದ ಮೇಲೆ ಕಾರ್ಪೆಟ್ ನೋಡುತ್ತಾ "ನಾನು ಗುಡಿಸಿಬಿಟ್ಟೆ," ಎಂದರು. ಬಂದವರಿಗೆಲ್ಲ ಅದನ್ನೇ ಹೇಳಿದರು. "ನಂಜುಂಡ ಕಾಯ್ತಾನೇ ಇದ್ದ. ನಾನೇ ಗುಡಿಸಿಬಿಟ್ಟೆ."

ಕೇಳಿ ಕೇಳಿ ನನ್ನ ರಕ್ತ ಕುದಿಯಿತು. ಒಂದು ಸಂಜೆ ತಡೆಯಲಾರದೆ ಹೇಳಿದೆ: "ಅಂಕಲ್, ನೀವು ಗುಡಿಸಿದ ಹಿಂದಿನ ದಿನವೇ ಅವಳು ಹೋಗಿಬಿಟ್ಟಿದ್ದಳು. ಆ ಸೈನ್ಯದವರೇ ಹೇಳಿದ್ರಲ್ಲ. ನಿಮ್ಮ ತಪ್ಪು ಏನೇನೂ ಇಲ್ಲ."

"ಗೊತ್ತು ಕಣಯ್ಯ," ಎಂದರು. "ಅವತ್ತೇ ಲೆಕ್ಕ ಹಾಕಿದೆ. ತಪ್ಪು ನಂದೇ ಅಂತ ಇರ್ಲಿ ಬಿಡು. ಇಲ್ದಿದ್ರೆ ನಾಳೆ ಬೆಳಿಗ್ಗೆ ನಾನು ಯಾರ ಮುಂದೆ ದೀಪ ಹಚ್ಚಲಿ?"

ಮತ್ತೆಂದೂ ನಾನು ಆ ಮಾತು ಎತ್ತಲಿಲ್ಲ. ಎರಡು ಚಳಿಗಾಲ ಕಳೆದ ಮೇಲೆ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗ "ದೀಪ ತಪ್ಪಿಸಬೇಡ," ಎಂದು ನನ್ನಿಂದ ಮಾತು ತೆಗೆದುಕೊಂಡರು. ಪರದೇಶದಲ್ಲಿ ನನಗೆ ಅಪ್ಪನಂತಿದ್ದವರು ಕೇಳಿದ್ದು ಅದೊಂದನ್ನೇ. ಅವರು ಹೋದ ದಿನ ಖಾಲಿ ಮನೆಗೆ ಬಂದು ಕಪಾಟಿನ ಬಾಗಿಲು ತೆರೆದೆ. ಅವರು ಬೈಯದೆ ನುಂಗಿಕೊಂಡದ್ದನ್ನೆಲ್ಲ ಅವರ ಪರವಾಗಿ ನಾನು ನಂಜುಂಡನಿಗೆ ಬೈದೆ, ಗಂಟಲು ಕಟ್ಟುವವರೆಗೆ ಬೈದೆ. ಆಮೇಲೆ ಬತ್ತಿ ಹೊಸೆದು ದೀಪ ಹಚ್ಚಿದೆ.