ಝಡ್ ಡ್ರೈವಿಗೆ ಕಾವಲು ಬೋರ್ಡು

ಇವತ್ತು ನಾನು ಕಳ್ಳಿ ಎಂದು ಸಾಬೀತಾಯಿತು ಮಾರಾಯ್ರೇ, ಕೇಳಿ.

ಬಾಡ ಎಂಬ ಕಡಲತೀರದ ಊರಲ್ಲಿ ಗೆಸ್ಟ್‌ಹೌಸ್ ನಡೆಸುವ ದಾಮೋದರಣ್ಣನಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನು. ಫೋಟೊ ಬದಲಿಸಲು ಪ್ರತಿಸಲ ನನ್ನನ್ನೇ ಕರೆಯುವುದು ಬೇಡವೆಂದು, ವೆಬ್‌ಸೈಟ್ ಇರುವ ದೂರದ ಸರ್ವರ್ ಅನ್ನು ಅವರ ಕಂಪ್ಯೂಟರಿನಲ್ಲಿ ಝಡ್ ಡ್ರೈವ್ ಎಂಬ ಇನ್ನೊಂದು ಡಿಸ್ಕಿನಂತೆ ಕಾಣುವ ಹಾಗೆ ಜೋಡಿಸಿ ಬಂದಿದ್ದೆ. ಅದರೊಳಗೆ ಫೋಟೊ ಹಾಕಿದರೆ ಸಾಕು, ವೆಬ್‌ಸೈಟಿನಲ್ಲಿ ತಾನಾಗಿಯೇ ಕಾಣುತ್ತದೆ. ಅವರಿಗೆ ಅವತ್ತೇ ಅನುಮಾನ.

"ಪೆಟ್ಟಿಗೆ ಬಿಚ್ಚಲಿಲ್ಲ, ಒಳಗೆ ಎಂತದೂ ಕೂರಿಸಲಿಲ್ಲ. ಈ ಹೊಸ ಡಿಸ್ಕ್ ಎಲ್ಲಿಂದ ಬಂತು? ನೀ ಹೊನ್ನಾವರದಲ್ಲಿ ಕೂತ್ಕಂಡು ನನ್ನ ಕಂಪ್ಯೂಟರ್ ನೋಡೂಕೆ ಮಾಡಿದ್ದಲ್ದಾ?"

ಇಲ್ಲವೆಂದು ಆಣೆ ಮಾಡಿ ಬಂದೆ.

ಇವತ್ತು ಬೆಳಿಗ್ಗೆ ವೆಬ್‌ಸೈಟ್ ತೆರೆದು ನೋಡುತ್ತೇನೆ, ಸಮುದ್ರ ಕಾಣುವ ರೂಮಿನ ಪಕ್ಕದಲ್ಲೇ ಅವರ ಈರುಳ್ಳಿ ಗದ್ದೆಯ ಕಾವಲು ಬೋರ್ಡಿನ ಫೋಟೊ: "ಕಳ್ಳರೇ, ನಿಮ್ಮನ್ನು ನೋಡಿದ್ದೇವೆ."

ಗಾಬರಿಯಿಂದ ಫೋನ್ ಮಾಡಿದೆ. "ದಾಮೋದರಣ್ಣ, ಆ ಬೋರ್ಡ್ ತೆಗೀರಿ. ರೂಮ್ ಕೇಳೂಕೆ ಬಂದವ್ರು ಓಡಿಹೋಗ್ತಾರೆ."

ಆ ಕಡೆಯಿಂದ ಗೆದ್ದವರ ದನಿ.

"ಸಿಕ್ಕಿಬಿದ್ಯಲ್ಲೇ ತಂಗಿ! ಅದನ್ನ ಇಟ್ಟದ್ದು ನನ್ನ ಕಂಪ್ಯೂಟರಲ್ಲಿ, ನೀ ಜೋಡಿಸಿದ ಆ ಹೊಸ ಡಿಸ್ಕಲ್ಲಿ. ನಿನ್ನ ಕಣ್ಣಿಗೆ ಹೆಂಗೆ ಬಿತ್ತು?"

ಅದು ನನಗೊಬ್ಬಳಿಗಲ್ಲ, ಇಡೀ ಲೋಕಕ್ಕೇ ಕಾಣುತ್ತಿದೆ ಎಂದು ಗಂಟಲು ಹರಿಯುವಷ್ಟು ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಹೇಳಿದರು:

"ಆತು. ಹಂಗಾದ್ರೆ ಬೋರ್ಡ್ ಅಲ್ಲೇ ಇರ್ಲಿ. ಇನ್ಯಾರ್ಯಾರು ಸಿಕ್ಕಿಬೀಳ್ತಾರೆ ನೋಡ್ವ."

ಬಾಡದ ಕಡೆ ರೂಮ್ ಹುಡುಕುತ್ತಿರುವ ಸ್ನೇಹಿತರೇ, ಆ ವೆಬ್‌ಸೈಟ್ ತೆರೆದಿದ್ದರೆ ನೀವೂ ನಮ್ಮ ಗುಂಪಿನವರೇ.