ನಿಜ್ವಾ ಕೋಟೆಗೆ ಕಟ್ಟಿಕೊಂಡ ಬೂಟು

ಮಕ್ಕಳೇ, ಒಮಾನಿನ ನಿಜ್ವಾ ಕೋಟೆಯ ಎದುರು ಕಾರು ನಿಂತಾಗ ನೀವಿಬ್ಬರೂ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಿರಿ. ಸಂಜೆ ಬಾಗಿಲು ಮುಚ್ಚಿದ ಮೇಲೆ ನಿಮ್ಮ ಅಪ್ಪನ ಆಫೀಸಿನವರಿಗೆಂದೇ ಒಳಗೆಲ್ಲ ತೋರಿಸುವ ಏರ್ಪಾಡಾಗಿತ್ತು. ಆ ಮೆಟ್ಟಿಲುಗಳಿಗೆ ಚಪ್ಪಲಿ ಆಗದು ಎಂದಿದ್ದರು. ಹುಟ್ಟಿದಂದಿನಿಂದ ಬೂಟು ಹಾಕದ ನಿಮ್ಮ ಈ ಅಜ್ಜಿ, ನಾನು, ನಿಮ್ಮ ಅಮ್ಮನ ಹಳೆಯ ಕ್ಯಾನ್ವಾಸ್ ಬೂಟಿಗೆ ಹತ್ತಿ ತುರುಕಿ, ಹಮ್ರಿಯಾ ಬಡಾವಣೆಯ ನಿಮ್ಮ ಮನೆಯ ನಾಲ್ಕು ಮಾಳಿಗೆಗಳನ್ನು ಎಂಟು ದಿನ ಹತ್ತಿ ಇಳಿದು ಅಭ್ಯಾಸ ಮಾಡಿದ್ದೆ.

ಒಮಾನಿ ಗೈಡ್, ಬಿಳಿ ಗಡ್ಡದವನು, ಬಾಗಿಲಲ್ಲಿ ನಿಂತು ಪಟ್ಟಿ ಓದುತ್ತ ಒಬ್ಬೊಬ್ಬರಿಗೆ ಒಂದೊಂದು ಟಾರ್ಚ್ ಕೊಟ್ಟ. ನನ್ನ ಹೆಸರು ಬರಲೇ ಇಲ್ಲ. ಅವನು ನನ್ನತ್ತ ನೋಡಿದಾಗ ನಿಮ್ಮ ಅಪ್ಪ ತನ್ನ ಮಂಡಿ ಮುಟ್ಟಿ ತೋರಿಸಿ ತಲೆಯಾಡಿಸಿದ. ನನಗೆ ಮಂಡಿನೋವಿಲ್ಲ.

"ಮಕ್ಕಳ ಹತ್ರ ಯಾರಾದ್ರೂ ಬೇಕಲ್ಲ ಅಮ್ಮ. ಅವ ಇಂಗ್ಲಿಷಲ್ಲಿ ಹೇಳುವುದು ನಿಮಗೆ ಎಂತ ಗೊತ್ತಾಗ್ತದೆ?" ಎಂದ ನಿಮ್ಮ ಅಪ್ಪ.

ಗೈಡ್ ಆಗಲೇ "ಖಜೂರ್, ಖಜೂರ್" ಎನ್ನುತ್ತ, ಕೋಟೆಯ ಬಾಗಿಲುಗಳ ಮೇಲಿನ ತೂತಿನಿಂದ ಶತ್ರುಗಳ ತಲೆಗೆ ಕುದಿಯುವ ಖರ್ಜೂರದ ಪಾಕ ಹೊಯ್ಯುವುದನ್ನು ಕೈಯಲ್ಲೇ ಅಭಿನಯಿಸಿದ್ದ. ಅದಕ್ಕೆ ಯಾವ ಇಂಗ್ಲಿಷ್ ಬೇಕಿತ್ತು?

ನಾಲ್ಕು ಜನರ ಎದುರು ಬಾಯಿ ತೆರೆಯುವವಳಲ್ಲ ನಾನು. ಆದರೂ ತಿಂಡಿಯ ಚೀಲವನ್ನು ನಿಮ್ಮ ಅಪ್ಪನ ಕೈಗೆ ತುರುಕಿ ಅವನ ಟಾರ್ಚ್ ಕಿತ್ತುಕೊಂಡೆ.

"ಮಕ್ಕಳು ನಿನ್ನವು. ನೀನೇ ಕೂತ್ಕೋ."

ನಿಮ್ಮ ಅಮ್ಮ ಬಗ್ಗಿ ನನ್ನ ಬೂಟಿನ ಲೇಸು ಬಿಗಿದು ಕಟ್ಟಿದಳು.

ಮೇಲೆ ಹತ್ತಿ, ಪಾಕ ಹೊಯ್ಯುವ ಆ ತೂತಿನೊಳಗೆ ಟಾರ್ಚಿನ ಬೆಳಕು ಬಿಟ್ಟು ಕೆಳಗೆ ನೋಡಿದೆ. ಶತ್ರುಗಳು ಬಂದು ನಿಲ್ಲುತ್ತಿದ್ದ ಕಾಲುದಾರಿಯ ಕಲ್ಲುಗಳೆಲ್ಲ ಸ್ಪಷ್ಟವಾಗಿ ಕಂಡವು. ನಿಮ್ಮ ಅಪ್ಪ ಕಾರಿನಲ್ಲೇ ಉಳಿದದ್ದು ಒಳ್ಳೆಯದಾಯಿತು.